ಐದು ಪೆಟ್ಟಿಗೆ ಬೇಡ, ಎರಡು ಕಂಬ ಸಾಕು

ಈ ದೇಶಕ್ಕೆ ಬಂದು ಮೂರ್ನಾಕು ವರ್ಷ ಆಗಿ, ಕಾರಿನ ಸಾಲ ಒಂದು ಹದಕ್ಕೆ ಬಂದು, ಗೋಡೆ ಮೇಲೆ 65 ಇಂಚಿನ ಟಿವಿ ಏರಿದ ಮೇಲೆ ನಮ್ಮ ಹುಡುಗರಿಗೆಲ್ಲ ಒಂದು ಖಯಾಲಿ ಶುರುವಾಗುತ್ತೆ. ಹೋಮ್ ಥಿಯೇಟರ್! ಶುಕ್ರವಾರ ರಾತ್ರಿ ಊಟ ಮುಗಿಸಿ 'ಕೆಜಿಎಫ್' ಹಾಕಿದ್ರೆ ಸೋಫಾ ನಡುಗಬೇಕು, ಪಕ್ಕದ ಮನೆಯವನಿಗೂ ರಾಕಿ ಭಾಯ್ ಬಂದಿದ್ದು ಗೊತ್ತಾಗಬೇಕು ಅನ್ನೋ ಆಸೆ. ತಪ್ಪೇನಿಲ್ಲ ಬಿಡಿ. ಆದರೆ ಆ ಆಸೆಯಿಂದ ಅಂಗಡಿಗೆ ಹೋದವರು ಹೊತ್ತು ತರೋದು ಮಾತ್ರ ಒಂದು ದೊಡ್ಡ ರಟ್ಟಿನ ಡಬ್ಬ. ಒಳಗೆ ಐದು ಪುಟಾಣಿ ಪೆಟ್ಟಿಗೆ, ಒಂದು ಸಬ್‌ವೂಫರ್, ಹೊರಗಡೆ ದಪ್ಪ ಅಕ್ಷರದಲ್ಲಿ '1000 ವ್ಯಾಟ್ಸ್'. ಆರು ತಿಂಗಳಾದ ಮೇಲೆ ಅವರ ಮನೆಗೆ ಹೋಗಿ ನೋಡಿ, ಹಿಂದಿನ ಎರಡು ಪೆಟ್ಟಿಗೆ ಕ್ಲಾಸೆಟ್ ಒಳಗೆ, ಸಬ್‌ವೂಫರ್ ಮೇಲೆ ಮನಿ ಪ್ಲಾಂಟ್.

ನನ್ನ ವಾದ ಇಷ್ಟೇ. ಬಾಡಿಗೆ ಅಪಾರ್ಟ್‌ಮೆಂಟ್‌ನಲ್ಲಿ ಇರೋ, ಕೈಯಲ್ಲಿ ಆರೇಳ್ನೂರು ಡಾಲರ್ ಇರೋ ನಮ್ಮಂಥವರು ಮೊದಲು ಕೊಳ್ಳಬೇಕಾದ್ದು ಒಂದು ಜೊತೆ ಸಾಧಾರಣ ಬೆಲೆಯ ಟವರ್ ಸ್ಪೀಕರ್. ನೆಲದ ಮೇಲೆ ಎದೆಮಟ್ಟಕ್ಕೆ ಕಂಬದ ಹಾಗೆ ನಿಲ್ಲುತ್ತಲ್ಲ, ಅದು. ಅದರ ಜೊತೆಗೆ ಒಂದು ಸೆಕೆಂಡ್ ಹ್ಯಾಂಡ್ ರಿಸೀವರ್. ಅಷ್ಟೇ. ಸಬ್‌ವೂಫರ್ ಈಗ ಬೇಡ, ಹಿಂದಿನ ಸ್ಪೀಕರ್ ಈಗ ಬೇಡ. ಇದನ್ನ ಹೇಳಿದ್ರೆ ಆಡಿಯೋ ತಿಳಿದವರು ನನ್ನನ್ನ ಹೊಡೆಯೋಕೆ ಬರ್ತಾರೆ ಅಂತ ಗೊತ್ತು. ನಾನು ಓದಿದ್ದು ಇಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್, ಹೊಟ್ಟೆಪಾಡಿಗೆ ಬರೆಯೋದು ಜಾವಾ, ಹಾಗಾಗಿ ಓದಿದ್ದು ಪೂರ್ತಿ ದಂಡ ಆಗಬಾರದು ಅಂತ ಲೆಕ್ಕ ಹಾಕಿಯೇ ಹೇಳ್ತಿದೀನಿ.

ಮೊದಲು ಎದುರು ಪಕ್ಷದವರ ವಾದ ಕೇಳೋಣ, ಅದೂ ಗಟ್ಟಿ ವಾದವೇ. ಅವರು ಹೇಳೋದು: ರಿಸೀವರ್‌ನಲ್ಲಿ 80 ಹರ್ಟ್ಜ್ ಅಂತ ಒಂದು ಗೆರೆ ಹಾಕ್ತೀವಿ, ಅದಕ್ಕಿಂತ ಕೆಳಗಿನ ಸದ್ದೆಲ್ಲ ಸಬ್‌ವೂಫರ್‌ಗೆ ಹೋಗುತ್ತೆ, ಮೇಲಿನದು ಮಾತ್ರ ಸ್ಪೀಕರ್‌ಗೆ. ಹಾಗಿದ್ಮೇಲೆ ಟವರಿನ ಕೆಳಗಿನ ಅರ್ಧ ಯಾಕೆ ಬೇಕು? ಅದು ಬರೀ ದುಬಾರಿ ಸ್ಟ್ಯಾಂಡ್ ಅಲ್ವಾ? ಅದೇ ದುಡ್ಡಿಗೆ ಇನ್ನೂ ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್ ಜೊತೆ ಒಂದು ಸಬ್‌ವೂಫರ್ ಬರುತ್ತೆ, 40 ಹರ್ಟ್ಜ್‌ಗೆ ಉಸಿರು ಬಿಡೋ ಟವರ್ ಯಾಕೆ, ಇದು 25ಕ್ಕೂ ಇಳಿಯುತ್ತೆ ಅಂತ. ಸ್ವಂತ ಮನೆ, ಕೆಳಗೆ ಕಾಂಕ್ರೀಟಿನ ಬೇಸ್‌ಮೆಂಟ್ ಇರೋವ್ರಿಗೆ ಇದು ನೂರಕ್ಕೆ ನೂರು ಸರಿ. ಅಂಥವರು ಇಲ್ಲಿಗೇ ಓದೋದು ನಿಲ್ಲಿಸಬಹುದು.

ನಾನಿರೋದು ನ್ಯೂಜೆರ್ಸಿಯ ಎರಡನೇ ಮಹಡಿಯ ಅಪಾರ್ಟ್‌ಮೆಂಟ್. ಇಲ್ಲಿನ ಬಹುಪಾಲು ಹಳೇ ಅಪಾರ್ಟ್‌ಮೆಂಟ್‌ಗಳ ಹಾಗೆ ಮರದ ಚೌಕಟ್ಟು, ಅದರ ಮೇಲೆ ಜಿಪ್ಸಮ್ ಹಲಗೆ. ನಮ್ಮೂರಲ್ಲಿ ಒಂಬತ್ತಿಂಚಿನ ಇಟ್ಟಿಗೆ ಗೋಡೆ ನೋಡಿ ಬೆಳೆದವರಿಗೆ ಇದು ಗೋಡೆಯೇ ಅನ್ನಿಸಲ್ಲ. ಇಲ್ಲಿ ಒಂದು ತಮಾಷೆ ಇದೆ. ಎರಡು ಮನೆ ನಡುವಿನ ಗೋಡೆ ಎಷ್ಟು ಸದ್ದು ತಡೀಬೇಕು ಅನ್ನೋದಕ್ಕೆ ಈ ದೇಶದಲ್ಲಿ ಎಸ್‌ಟಿಸಿ ಅಂತ ಒಂದು ಅಳತೆ ಉಂಟು, ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಅದು 50 ಇರಬೇಕು. ಆದರೆ ಆ ಅಳತೆ ಶುರುವಾಗೋದೇ 125 ಹರ್ಟ್ಜ್‌ನಿಂದ! ಅಂದ್ರೆ ಜನ ಮಾತಾಡೋ ಸದ್ದು, ಮಗು ಅಳೋ ಸದ್ದು ಲೆಕ್ಕಕ್ಕೆ ಬರುತ್ತೆ, ಸಬ್‌ವೂಫರ್ ಕೆಲಸ ಮಾಡೋ ಇಡೀ ಜಾಗ ಲೆಕ್ಕಕ್ಕೇ ಇಲ್ಲ. ನಿಮ್ಮ ಗೋಡೆ ಕಾನೂನಿನ ಪ್ರಕಾರ ಎಷ್ಟೇ ಶಿಸ್ತಾಗಿದ್ರೂ 30 ಹರ್ಟ್ಜ್ ಅನ್ನೋ ಪ್ರಾಣಿಗೆ ಅದು ಬಿದಿರಿನ ತಟ್ಟಿ ಇದ್ದ ಹಾಗೆ. ನಿಮಗೆ 'ಧಡ್' ಅಂತ ಕೇಳೋದು ಕೆಳಗಿನ ಮನೆಯವರಿಗೆ 'ಗುಂ... ಗುಂ...' ಅಂತ ತಾರಸಿಯಿಂದ ಇಳಿಯುತ್ತೆ. ಅವರಿಗೆ ಹಾಡು ಕೇಳಲ್ಲ, ಮಾತು ಕೇಳಲ್ಲ, ಬರೀ ಗುದ್ದು ಕೇಳುತ್ತೆ. ಹತ್ತೂವರೆಗೆ ಬಾಗಿಲು ಬಡೀತಾರೆ, ಇಲ್ಲಾಂದ್ರೆ ಸೋಮವಾರ ಲೀಸಿಂಗ್ ಆಫೀಸಿನಿಂದ ಪತ್ರ ಬರುತ್ತೆ. ನನ್ನ ಸ್ನೇಹಿತರ ಪೈಕಿ ಸಬ್‌ವೂಫರ್ ಇಟ್ಟ ನಾಲ್ಕು ಜನರಲ್ಲಿ ಮೂರು ಜನ ಅದನ್ನ ಆಫ್ ಮಾಡಿಯೇ ಸಿನಿಮಾ ನೋಡ್ತಾರೆ. ಆಫ್ ಮಾಡಿದ ತಕ್ಷಣ ಉಳಿಯೋದೇನು? ಹಿಡಿಯಷ್ಟು ಗಾತ್ರದ ಐದು ಪೆಟ್ಟಿಗೆ. ಅವುಗಳಿಗೆ 120 ಹರ್ಟ್ಜ್ ಕೆಳಗೆ ದನಿಯೇ ಇಲ್ಲ, ಗಂಡಸಿನ ಕಂಠ ಕೂಡ ಮೂಗು ಹಿಡಿದು ಮಾತಾಡಿದ ಹಾಗೆ.

ಟವರ್ ಅದಕ್ಕೂ ಸಬ್‌ವೂಫರ್‌ಗೂ ನಡುವಿನ ದಾರಿ. ಸಾಧಾರಣ ಬೆಲೆಯ ಟವರ್ 40-45 ಹರ್ಟ್ಜ್ ತನಕ ನಿಯತ್ತಾಗಿ ನುಡಿಯುತ್ತೆ. ಅದರ ಕೆಳಗೆ, ಪೋರ್ಟ್ ಇರೋ ಪೆಟ್ಟಿಗೆಯಾದ್ರೆ, ಸದ್ದು ಆಕ್ಟೇವ್‌ಗೆ 24 ಡೆಸಿಬಲ್‌ನಂತೆ ಜರ್ರನೆ ಜಾರಿಹೋಗುತ್ತೆ. ಇದನ್ನ ದೋಷ ಅಂತಾರೆ, ಅಪಾರ್ಟ್‌ಮೆಂಟ್‌ನಲ್ಲಿ ನಾನು ಇದನ್ನ ವರ ಅಂತೀನಿ. ಮೃದಂಗದ ಎಡಭಾಗದ ತೊಪ್ಪಿ, ತಬಲಾದ ಬಾಯಾ, ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ (ಅದು 41 ಹರ್ಟ್ಜ್), ಇಷ್ಟೂ ಟವರ್‌ನಲ್ಲಿ ಬರುತ್ತೆ. ಬರದೇ ಇರೋದು ಕಟ್ಟಡ ಕುಸಿಯೋದು, ಹೆಲಿಕಾಪ್ಟರ್ ಹೊಟ್ಟೆ ಕಲಕೋದು. ನೆರೆಮನೆಯವರಿಗೆ ಏನೂ ಕೇಳೋದೇ ಇಲ್ಲ ಅಂತ ನಾನು ಹೇಳ್ತಿಲ್ಲ, ಜೋರಾಗಿ ಹಾಕಿದ್ರೆ ಟವರ್ ಕೂಡ ಕೇಳುತ್ತೆ. ಆದರೆ ಅತಿ ಕೆಳಗಿನ ಆ ಗುದ್ದು ಇರಲ್ಲ, ವಾಲ್ಯೂಮ್ ಇಳಿಸಿದ್ರೆ ಎಲ್ಲವೂ ಒಟ್ಟಿಗೆ ಇಳಿಯುತ್ತೆ. ರಿಸೀವರಿನ ಸೆಟ್ಟಿಂಗ್‌ನಲ್ಲಿ 'ಸಬ್‌ವೂಫರ್ ಇಲ್ಲ' ಅಂತ ಒಂದು ಮಾತು ಹೇಳಿಬಿಡಿ, ಆಗ ಸಿನಿಮಾದ ಬೇಸ್ ಚಾನಲ್ಲನ್ನೂ ಅದು ಈ ಎರಡು ಕಂಬಗಳಿಗೇ ಕಳಿಸುತ್ತೆ.

'ಬುಕ್‌ಶೆಲ್ಫ್ ಅಗ್ಗ' ಅನ್ನೋದೂ ಪೂರ್ತಿ ನಿಜ ಅಲ್ಲ. ಹೆಸರಿಗೆ ಬುಕ್‌ಶೆಲ್ಫ್, ಪುಸ್ತಕದ ಕಪಾಟಿನಲ್ಲಿ ತುರುಕಿದ್ರೆ ದನಿ ಕೆಡುತ್ತೆ. ಅದನ್ನ ಕಿವಿಮಟ್ಟಕ್ಕೆ ನಿಲ್ಲಿಸೋಕೆ ಸ್ಟ್ಯಾಂಡ್ ಬೇಕು, ಒಳ್ಳೆ ಸ್ಟ್ಯಾಂಡ್ ಜೋಡಿಗೆ ಸುಮಾರು ನೂರು ಡಾಲರ್. ಸ್ಟ್ಯಾಂಡ್ ಇಟ್ಟ ಮೇಲೆ ನೆಲದ ಮೇಲೆ ಹಿಡಿಯೋ ಜಾಗ ಟವರ್‌ನಷ್ಟೇ. ಮನೇಲಿ ಓಡಾಡೋ ಕೂಸಿದ್ರೆ ಸ್ಟ್ಯಾಂಡ್ ಮೇಲಿನ ಪೆಟ್ಟಿಗೆಗಿಂತ ಅಗಲ ಪಾದದ ಟವರ್ ವಾಸಿ. ಹಾಗಂತ ಮೈಮರೆಯಬೇಡಿ, ಟವರನ್ನೂ ಒಂದು ಪಟ್ಟಿಯಿಂದ ಗೋಡೆಗೆ ಬಿಗಿದಿಡಿ, ಮುಂದಿನ ಬಟ್ಟೆಯ ಜಾಲರಿ ತೆಗೀಬೇಡಿ. ಟ್ವೀಟರಿನ ಗುಮ್ಮಟ ಕಂಡರೆ ಎರಡು ವರ್ಷದ ಮಕ್ಕಳ ಬೆರಳು ತಾನಾಗೇ ಅಲ್ಲಿಗೆ ಹೋಗುತ್ತೆ!

ಇನ್ನೊಂದು ವಿಷಯ, ಇದು ನಮ್ಮಂಥ ವೀಸಾ ಜನಕ್ಕೆ ಮಾತ್ರ ಅರ್ಥ ಆಗೋದು. 'ಇನ್ನೆರಡು ವರ್ಷ, ಆಮೇಲೆ ವಾಪಸ್' ಅಂತ ಹತ್ತು ವರ್ಷದಿಂದ ಹೇಳ್ತಿರೋವ್ರು ನಮ್ಮಲ್ಲಿ ಎಷ್ಟು ಜನ ಇಲ್ಲ? ನಿಜಕ್ಕೂ ವಾಪಸ್ ಹೋಗೋ ದಿನ ಬಂದ್ರೆ, ಇಲ್ಲಿ ಕೊಂಡ ರಿಸೀವರ್, ಸಬ್‌ವೂಫರ್ ಸಾಮಾನ್ಯವಾಗಿ 120 ವೋಲ್ಟಿನವು. ಬೆಂಗಳೂರಿನ 230 ವೋಲ್ಟಿಗೆ ನೇರ ಚುಚ್ಚಿದ್ರೆ ಹೊಗೆಯೇ. ದೊಡ್ಡ ಟ್ರಾನ್ಸ್‌ಫಾರ್ಮರ್ ಕಟ್ಕೊಂಡು ಒದ್ದಾಡಬೇಕು. ಟವರ್ ಸ್ಪೀಕರ್‌ಗೆ ಕರೆಂಟಿನ ಪ್ಲಗ್ಗೇ ಇಲ್ಲ. ಎರಡು ತಂತಿ ಸಿಕ್ಕಿಸಿದ್ರೆ ಅದು ಎಡಿಸನ್‌ನಲ್ಲೂ ನುಡಿಯುತ್ತೆ, ಎಲೆಕ್ಟ್ರಾನಿಕ್ ಸಿಟಿಯಲ್ಲೂ ನುಡಿಯುತ್ತೆ. ಹಾಗಾಗಿ ದುಡ್ಡು ಹಾಕೋದಾದ್ರೆ ಸ್ಪೀಕರಿಗೆ ಹಾಕಿ, ಪ್ಲಗ್ ಇರೋ ವಸ್ತುವನ್ನ ಹಳೇದು ತಗೊಳ್ಳಿ ಅನ್ನೋದು ನನ್ನ ಸೂತ್ರ. ಒಂದೇ ತೊಡಕು ಅಂದ್ರೆ ಟವರ್ ವಿಮಾನದ ಲಗೇಜಿಗೆ ಬರಲ್ಲ. ತೂಕ 23 ಕೆ.ಜಿ. ಒಳಗೇ ಇದ್ರೂ, ಡಬ್ಬದಲ್ಲಿ ಪ್ಯಾಕ್ ಮಾಡಿದ ಮೇಲೆ ಉದ್ದ-ಅಗಲ-ಎತ್ತರ ಕೂಡಿಸಿದ್ರೆ ಸಾಮಾನ್ಯವಾಗಿ 158 ಸೆಂಟಿಮೀಟರಿನ ಗೆರೆ ದಾಟುತ್ತೆ. ಮನೆ ಸಾಮಾನಿನ ಕಂಟೇನರ್‌ನಲ್ಲೇ ಕಳಿಸಬೇಕು. ಸೂಟ್‌ಕೇಸಿನಲ್ಲೇ ಒಯ್ಯಬೇಕು ಅನ್ನೋರಿಗೆ ಬುಕ್‌ಶೆಲ್ಫೇ ಸರಿ, ಒಪ್ಪಿಕೊಂಡೆ.

ಇಷ್ಟೆಲ್ಲ ವಾದ ಮಾಡ್ತಿರೋದಕ್ಕೆ ನಿಜವಾದ ಕಾರಣ ಬೇರೆ. ಅಪ್ಪ ಅಮ್ಮ ಆರು ತಿಂಗಳಿಗೆ ಅಂತ ಬರ್ತಾರೆ. ಹಗಲಿಡೀ ನಾವು ಮೀಟಿಂಗ್‌ಗಳಲ್ಲಿ, ಹೊರಗೆ ಹಿಮ, ಅವರಿಗೆ ಇರೋದು ಟಿವಿಯೊಂದೇ. ಈಗಿನ ಟಿವಿಗಳು ಎಷ್ಟು ತೆಳ್ಳಗೆ ಅಂದ್ರೆ ಸ್ಪೀಕರಿಗೆ ಮುಂದೆ ಜಾಗವೇ ಇಲ್ಲ, ಅದು ಕೆಳಗೆ ಅಥವಾ ಹಿಂದೆ ಮುಖ ಮಾಡಿ ಗೋಡೆ ಜೊತೆ ಮಾತಾಡುತ್ತೆ. ನನ್ನ ಅಪ್ಪ 'ಕಾಂತಾರ' (2022) ನೋಡೋಕೆ ಕೂತಾಗ ಐದು ನಿಮಿಷಕ್ಕೊಮ್ಮೆ 'ಏನಂದ ಅವ್ನು?' ಅಂತ ಕೇಳೋರು. ಅಮ್ಮ ಹೇಳೋಷ್ಟರಲ್ಲಿ ಮುಂದಿನ ಮಾತು ಹೋಗಿರ್ತಿತ್ತು. ಕರಾವಳಿ ಕನ್ನಡ ನಮ್ಮ ಹಾಸನದ ಕಿವಿಗೆ ಮೊದಲೇ ಸ್ವಲ್ಪ ಹೊಸದು, ಅದರ ಮೇಲೆ ಈ ಗುಳುಗುಳು. ವಾಲ್ಯೂಮ್ 40ಕ್ಕೆ ಏರಿಸೋದು, ಹೊಡೆದಾಟ ಬಂದ ತಕ್ಷಣ ಇಬ್ಬರೂ ರಿಮೋಟ್ ಹುಡುಕೋದು. ಕೊನೆಗೆ ಅಪ್ಪ 'ನೀವು ನೋಡಿ' ಅಂತ ಎದ್ದು ಹೋಗಿಬಿಡೋರು. ಇಂಗ್ಲಿಷ್ ಸಬ್‌ಟೈಟಲ್ ಇರುತ್ತೆ, ನಿಜ, ಆದರೆ ಅರವತ್ತೆಂಟು ವರ್ಷ ಕನ್ನಡದಲ್ಲೇ ಬದುಕಿದ ಮನುಷ್ಯ ಕನ್ನಡ ಸಿನಿಮಾವನ್ನ ಇಂಗ್ಲಿಷಿನಲ್ಲಿ ಓದಬೇಕಾ ಸ್ವಾಮಿ?

ವಯಸ್ಸಾದ ಕಿವಿ ಮೊದಲು ಕಳ್ಕೊಳ್ಳೋದು ಮೇಲಿನ ಕಂಪನಾಂಕಗಳನ್ನ. 'ಸ'ಗೂ 'ಶ'ಗೂ, 'ತ'ಗೂ 'ಪ'ಗೂ ಇರೋ ವ್ಯತ್ಯಾಸ ಹೆಚ್ಚಾಗಿ ಅಡಗಿರೋದು ಅಲ್ಲೇ, 2000 ಹರ್ಟ್ಜ್ ಮತ್ತು ಅದರ ಮೇಲೆ. ಸದ್ದು ಜೋರು ಮಾಡಿದ್ರೆ ಸ್ವರಗಳಷ್ಟೇ ಜೋರಾಗುತ್ತೆ, ವ್ಯಂಜನಗಳು ಗೋಡೆಗೆ ಬಡಿದು ಅಲ್ಲೇ ಉದುರುತ್ತವೆ. ಕೇಳುಗನ ಕಡೆ ಮುಖ ಮಾಡಿದ, ಕಿವಿಮಟ್ಟದಲ್ಲಿ ಟ್ವೀಟರ್ ಇರೋ ಒಂದು ಜೊತೆ ಸ್ಪೀಕರ್ ಈ ಕೆಲಸಕ್ಕೆ ಸಾಕು, ಅದಕ್ಕೆ ವ್ಯಾಟೂ ಬೇಡ, ಅಟ್ಮಾಸೂ ಬೇಡ. ಟವರ್ ಬಂದ ವಾರದಲ್ಲಿ ಅಪ್ಪ 'ಬಂಗಾರದ ಮನುಷ್ಯ' (1972) ಪೂರ್ತಿ ನೋಡಿದ್ರು, ನಡುವೆ ಒಂದು ಸಲವೂ 'ಏನಂದ' ಅನ್ನಲಿಲ್ಲ. ಅಂದಿನ ಧ್ವನಿ ಮಾನೊ, ಅಂದ್ರೆ ಒಂದೇ ಚಾನಲ್. ಅದನ್ನ ಏಳು ಸ್ಪೀಕರಿಗೆ ಹಂಚಿ ಏನು ಪ್ರಯೋಜನ? ಎರಡು ಸ್ಪೀಕರ್ ನಡುವೆ ಸರಿಯಾಗಿ ಕೂತ್ರೆ ರಾಜ್‌ಕುಮಾರ್ ದನಿ ನೇರ ಟಿವಿಯ ಮಧ್ಯದಿಂದಲೇ ಬರುತ್ತೆ, ಅಲ್ಲೊಂದು ಸ್ಪೀಕರ್ ಇದೆಯೇನೋ ಅನ್ನೋ ಹಾಗೆ.

ಹಾಗಾದ್ರೆ ಸೆಂಟರ್ ಸ್ಪೀಕರ್ ಬೇಡವಾ ಅಂದ್ರೆ, ಅದು ಎರಡನೇ ಕಂತಿಗಿರಲಿ. ಸೋಫಾದಲ್ಲಿ ಇಬ್ಬರು ಮೂವರು ಕೂರೋ ಮನೆಗೆ ಆ 'ಇಲ್ಲದ ಸೆಂಟರ್' ಸಾಕಾಗುತ್ತೆ. ಅದಕ್ಕೂ ದೋಷ ಇದೆ, ಎರಡೂ ಸ್ಪೀಕರಿನ ಸದ್ದು ಎರಡೂ ಕಿವಿಗೆ ಬೇರೆ ಬೇರೆ ಹೊತ್ತಿಗೆ ಮುಟ್ಟೋದರಿಂದ 2000 ಹರ್ಟ್ಜ್ ಹತ್ತಿರ ಸ್ವಲ್ಪ ತಗ್ಗು ಬೀಳುತ್ತೆ. ತೀರಾ ಪಕ್ಕಕ್ಕೆ ಕೂತವರಿಗೆ ಮಾತು ಹತ್ತಿರದ ಕಂಬಕ್ಕೆ ಎಳೆದ ಹಾಗೆ ಕೇಳುತ್ತೆ. ನಿಜವಾದ ಸೆಂಟರ್ ಇದ್ರೆ ಮಾತನ್ನ ಮಾತ್ರ ಮೂರು ಡೆಸಿಬಲ್ ಎತ್ತಬಹುದು, ಅದು ದೊಡ್ಡ ಅನುಕೂಲ. ಆದರೆ ಅಗ್ಗದ ಸೆಂಟರ್‌ಗಳು ಬಹುತೇಕ ಒಂದೇ ಥರ: ನಡುವೆ ಟ್ವೀಟರ್, ಎಡಕ್ಕೊಂದು ಬಲಕ್ಕೊಂದು ವೂಫರ್, ಅಡ್ಡಡ್ಡ ಮಲಗಿಸಿದ್ದು. ಪಕ್ಕದಲ್ಲಿ ಕೂತವರಿಗೆ ಎರಡು ವೂಫರ್‌ಗಳ ಸದ್ದು ಒಂದನ್ನೊಂದು ಹೊಡೆದುಹಾಕಿ ಮಾತಿನ ಜಾಗದಲ್ಲೇ ಹಳ್ಳ ಬೀಳುತ್ತೆ. ಪಿಯುಸಿಯಲ್ಲಿ ಓದಿದ ಯಂಗ್‌ನ ಎರಡು ಸೀಳುಗಂಡಿ ಪ್ರಯೋಗ ನೆನಪಿದೆಯಾ, ಅದೇ! ತಗೊಂಡ್ರೆ ಟವರಿನ ಸರಣಿಯದ್ದೇ ತಗೊಳ್ಳಿ, ಸಾಧ್ಯವಾದ್ರೆ ಟ್ವೀಟರಿನ ನೇರ ಕೆಳಗೆ ಒಂದು ಚಿಕ್ಕ ಮಿಡ್ ಇರೋ ಮೂರು ದಾರಿಯದ್ದು.

ಈಗ ಅಂಗಡಿಯ ಮಾತು. ಮೊದಲನೆಯದಾಗಿ ವ್ಯಾಟ್ ಅನ್ನೋ ಪದವನ್ನ ಮರೆತುಬಿಡಿ. ನೋಡಬೇಕಾದ್ದು ಸೆನ್ಸಿಟಿವಿಟಿ. 88 ಡೆಸಿಬಲ್ ಅಂತಿದ್ರೆ, ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಅಂತ (8 ಓಮ್ ಸ್ಪೀಕರಿಗೆ). ಮೂರು ಮೀಟರ್ ದೂರದ ಸೋಫಾಗೆ ಬರೋಷ್ಟರಲ್ಲಿ ಒಂಬತ್ತು ಹತ್ತು ಡೆಸಿಬಲ್ ಕಳೆಯುತ್ತೆ, ಎರಡು ಸ್ಪೀಕರ್ ಸೇರಿದ್ರೆ ಮೂರು ಕೂಡುತ್ತೆ. ಅಂದ್ರೆ ತಲಾ ಒಂದೇ ವ್ಯಾಟಿನಲ್ಲಿ 80 ದಾಟಿತು! ಮನುಷ್ಯರ ಮಾತುಕತೆ 60 ಚಿಲ್ಲರೆ. ನಾವೆಲ್ಲ ಬದುಕೋದು ಒಂದು ವ್ಯಾಟಿನಲ್ಲಿ, ದುಡ್ಡು ಕೊಡೋದು ಸಾವಿರಕ್ಕೆ. ಮೂರು ಡೆಸಿಬಲ್ ಹೆಚ್ಚು ಬೇಕಾದ್ರೆ ವಿದ್ಯುತ್ತು ಎರಡರಷ್ಟು ಬೇಕು, ಹಾಗಾಗಿ 50 ವ್ಯಾಟಿಗೂ 100 ವ್ಯಾಟಿಗೂ ಕಿವಿಗೆ ಗೊತ್ತಾಗೋ ವ್ಯತ್ಯಾಸ ಅತ್ಯಲ್ಪ.

ಎರಡನೆಯದು, ಮುಂದೆ ಕಾಣೋ ಉಂಗುರಗಳನ್ನ ಎಣಿಸಬೇಡಿ. ಪೋಲ್ಕ್ ಮಾನಿಟರ್ ಎಕ್ಸ್‌ಟಿ60 ಅಂತ ಒಂದು ಟವರ್ ಇದೆ, ಟ್ವೀಟರ್ ಬಿಟ್ಟು ಮೂರು ಆರೂವರೆ ಇಂಚಿನ ಕೋನ್ ಕಾಣುತ್ತೆ. ಅದರಲ್ಲಿ ತಂತಿ ಇರೋದು ಒಂದಕ್ಕೇ. ಉಳಿದೆರಡು ಪ್ಯಾಸಿವ್ ರೇಡಿಯೇಟರ್, ಒಳಗಿನ ಗಾಳಿ ತಳ್ಳಿದ ಹಾಗೆ ಆಡುತ್ತವೆ, ಪೋರ್ಟಿನ ಬದಲಿಗೆ. ಮೋಸ ಅಲ್ಲ, ಒಳ್ಳೆಯ ಇಂಜಿನಿಯರಿಂಗೇ, ಆದರೆ 'ಮೂರು ವೂಫರ್' ಅಂತ ಹಿಗ್ಗೋದು ಬೇಡ. ಸೋನಿಯ ಎಸ್‌ಎಸ್-ಸಿಎಸ್3 'ತ್ರೀ ವೇ' ಅಂತಾರೆ, ಅಲ್ಲಿ ಮೂರನೇ ದಾರಿ ಮಾತಿನ ಜಾಗಕ್ಕಲ್ಲ, ಟ್ವೀಟರಿನ ಮೇಲೊಂದು ಸೂಪರ್ ಟ್ವೀಟರಿಗೆ. ಎರಡೂ ಬೆಲೆಗೆ ತಕ್ಕ ವಸ್ತುಗಳೇ. ಅಗ್ಗದ ಟವರ್ ಕೆಟ್ಟದಾಗೇ ಇರಬೇಕಿಲ್ಲ ಅನ್ನೋದನ್ನ 2012ರಲ್ಲಿ ಆಂಡ್ರ್ಯೂ ಜೋನ್ಸ್ ತೋರಿಸಿಬಿಟ್ಟ. ಲಕ್ಷಾಂತರ ರೂಪಾಯಿಯ ಸ್ಪೀಕರ್ ವಿನ್ಯಾಸ ಮಾಡೋ ಆಸಾಮಿ ಪಯನೀಯರ್ ಕಂಪನಿಗೆ ಎಸ್‌ಪಿ-ಎಫ್‌ಎಸ್52 ಅಂತ ಒಂದು ಟವರ್ ಮಾಡಿಕೊಟ್ಟ, ಒಂದಕ್ಕೆ ಸುಮಾರು 130 ಡಾಲರ್. ಈಗ ಹೊಸದು ಸಿಗಲ್ಲ, ಹಳೇದು ಕಂಡ್ರೆ ಬಿಡಬೇಡಿ.

ಮೂರನೆಯದು, ಕಣ್ಣನ್ನ ನಂಬಬೇಡಿ. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದ ಫ್ಲಾಯ್ಡ್ ಟೂಲ್, ಆಮೇಲೆ ಹಾರ್ಮನ್ ಸೇರಿ, 1994ರಲ್ಲಿ ಶಾನ್ ಆಲಿವ್ ಜೊತೆ ಒಂದು ಪ್ರಯೋಗ ಪ್ರಕಟಿಸಿದ. ಅದೇ ಜನ, ಅದೇ ಸ್ಪೀಕರ್, ಪರದೆ ಹಿಂದೆ ಇಟ್ಟಾಗ ಕೊಟ್ಟ ಅಂಕ ಬೇರೆ, ಪರದೆ ಸರಿಸಿದಾಗ ಕೊಟ್ಟ ಅಂಕ ಬೇರೆ. ದೊಡ್ಡದು ಚಂದದ್ದು ಕಂಡ ಕೂಡಲೇ ಅಂಕ ಏರಿತು, ಚಿಕ್ಕ ಅಗ್ಗದ್ದು ಕಂಡ ಕೂಡಲೇ ಇಳೀತು. (ಆ ಚಿಕ್ಕದು ಸಬ್‌ವೂಫರ್ ಜೊತೆಗಿನ ಪುಟಾಣಿ ಪೆಟ್ಟಿಗೆಗಳ ಸೆಟ್ಟೇ, ನನ್ನ ವಾದಕ್ಕೆ ಸ್ವಲ್ಪ ಮುಜುಗರ, ಇರಲಿ!) ಅದಕ್ಕೇ ಕೊಳ್ಳೋ ಮೊದಲು ಅಳತೆಯ ಗ್ರಾಫ್ ಹುಡುಕಿ, ಮುಂಭಾಗದ ಗೆರೆ ಸಾಕಷ್ಟು ಸಮತಟ್ಟಾಗಿದೆಯಾ, ಪಕ್ಕದ ಗೆರೆಗಳು ಅದರ ಜೊತೆಗೇ ನಯವಾಗಿ ಇಳಿಯುತ್ತಾ ನೋಡಿ. ಆಮೇಲೆ ಬಾಯಿಪಾಠ ಇರೋ ಹಾಡು ಹಾಕಿ ಕೇಳಿ. ನಾನು ಪಿ.ಬಿ. ಶ್ರೀನಿವಾಸ್ ಹಾಕ್ತೀನಿ. ಆ ತುಂಬುದನಿ ಡ್ರಮ್ಮಿನೊಳಗಿಂದ ಬಂದ ಹಾಗಿದ್ರೆ ಪೆಟ್ಟಿಗೆಯೇ ಗುಂಯ್‌ಗುಡ್ತಿದೆ ಅಂತ ಅರ್ಥ. ಬೆರಳ ಗೆಣ್ಣಿನಿಂದ ಪಕ್ಕಕ್ಕೆ ತಟ್ಟಿ, ತೆಂಗಿನಕಾಯಿ ಆರಿಸೋ ಹಾಗೆ. ಟೊಳ್ಳು ಸದ್ದು ಬಂದ್ರೆ ಮುಂದಕ್ಕೆ ಹೋಗಿ.

ಹೊಸ ಟವರ್ ಜೋಡಿಗೆ 400ರಿಂದ 600 ಡಾಲರ್ ಒಳಗೆ ಸೇಲ್‌ನಲ್ಲಿ ಸಿಗುತ್ತೆ. ಆದರೆ ನನ್ನ ಕೇಳಿದ್ರೆ ಹಳೇದೇ ನೋಡಿ. ಕನ್ನಡ ಕೂಟದ ವಾಟ್ಸಾಪಿನಲ್ಲಿ ಪ್ರತಿ ಮೇ-ಜೂನ್ ತಿಂಗಳಲ್ಲಿ 'ಮೂವಿಂಗ್ ಸೇಲ್' ಬರುತ್ತಲ್ಲ, ಮಂಚ, ಇಡ್ಲಿ ಗ್ರೈಂಡರ್ ನಡುವೆ ಅರ್ಧ ಬೆಲೆಗೆ ಟವರ್ ಇರುತ್ತೆ. ಹೋಗುವಾಗ ಎರಡು ವಿಷಯ ನೋಡಿ. ಕೋನಿನ ಸುತ್ತ ಇರೋ ಅಂಚು ರಬ್ಬರಾದ್ರೆ ಚಿಂತೆ ಇಲ್ಲ, ಫೋಮ್ ಆಗಿದ್ರೆ ಹದಿನೈದು ಇಪ್ಪತ್ತು ವರ್ಷಕ್ಕೆ ಹಪ್ಪಳದ ಹಾಗೆ ಪುಡಿಯಾಗುತ್ತೆ, ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ಕೋನನ್ನ ಎರಡೂ ಕಡೆ ಸಮ ಒತ್ತಿ ಒಳಕ್ಕೆ ತಳ್ಳಿದಾಗ ಕರಕರ ಅಂದ್ರೆ ಕಾಯಿಲ್ ಉಜ್ಜುತ್ತಿದೆ, ಬೇಡ. ತಂತಿಗೆ ಹಾರ್ಡ್‌ವೇರ್ ಅಂಗಡಿಯ 16 ಗೇಜಿನ ಅಪ್ಪಟ ತಾಮ್ರ ಸಾಕು, ಚಿನ್ನದ ಲೇಪದವರ ಕಥೆ ಕೇಳಬೇಡಿ.

ಮನೆಗೆ ತಂದ ಮೇಲೆ ಮೂಲೆಗೆ ತಳ್ಳಬೇಡಿ. ಗೋಡೆಯಿಂದ ಒಂದು ಒಂದೂವರೆ ಅಡಿ ಮುಂದೆ, ನಿಮ್ಮ ಸೋಫಾ ಸೇರಿ ಮೂರೂ ಬದಿ ಸಮ ಇರೋ ತ್ರಿಕೋನ, ಎರಡೂ ಸ್ವಲ್ಪ ಒಳಮುಖ. 14 ಅಡಿ ಉದ್ದದ ಕೋಣೆ ತಾನಾಗೇ 40 ಹರ್ಟ್ಜ್ ಹತ್ತಿರ ಅನುರಣಿಸುತ್ತೆ, ಅದಕ್ಕೇ ಕೆಲವು ಮನೆಗಳಲ್ಲಿ ಬೇಸ್ ಹೊಟ್ಟೆ ಉಬ್ಬಿದ ಹಾಗೆ ಕೇಳೋದು. ಹಾಗಾದ್ರೆ ಟವರಿನ ಹಿಂದೆ ಪೋರ್ಟಿನ ತೂತಿಗೆ ಒಂದು ಜೊತೆ ಹಳೇ ಕಾಲುಚೀಲ ಸುತ್ತಿ ತುರುಕಿ, ತಮಾಷೆ ಅಲ್ಲ, ಕಂಪನಿಯವರೇ ಕೆಲವು ಮಾಡೆಲ್ ಜೊತೆ ಇದಕ್ಕೆ ಫೋಮಿನ ಬಿರಡೆ ಕೊಡ್ತಾರೆ. ರಾತ್ರಿ ಹತ್ತರ ಮೇಲೆ ರಿಸೀವರಿನ 'ನೈಟ್ ಮೋಡ್' ಹಾಕಿದ್ರೆ ಪಿಸುಮಾತು ಮೇಲಕ್ಕೂ ಸ್ಫೋಟ ಕೆಳಕ್ಕೂ ಬರುತ್ತೆ. ನಮ್ಮನೇಲಿ ಅಪ್ಪ ಇರೋಷ್ಟು ದಿನವೂ ಅದು ಆನ್. ಈ ಸಲ ಏಪ್ರಿಲ್‌ಗೆ ಬರ್ತಿದಾರೆ, ಅಷ್ಟರಲ್ಲಿ ಸೆಂಟರ್ ಒಂದು ಸಿಗುತ್ತಾ ಅಂತ ವಾಟ್ಸಾಪ್ ಗುಂಪು ನೋಡ್ತಾ ಇದೀನಿ. ನಿಮ್ಮ ಕಡೆ ಯಾರಾದ್ರೂ ಮಾರ್ತಿದ್ರೆ ತಿಳಿಸಿ.